ಸಿಂಧನೂರಿನ ಬಿಸಿಲಲ್ಲಿ ಬ್ರೆಡ್ ಆರಿಸುವುದು: ಕಂಪ್ಯೂಟರ್ ಚಿತ್ರವನ್ನು ಎಷ್ಟು ನಂಬಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಸಿಂಧನೂರಿನಲ್ಲಿ ಬೇಕರಿ. ದಿನಕ್ಕೆ 2,000ದಷ್ಟು 400 ಗ್ರಾಂ ಬ್ರೆಡ್ ತೆಗೆಯುತ್ತೇವೆ. ಓವನ್ ನಡೆಯುವಾಗ ಗಂಟೆಗೆ 500 ಬರುತ್ತದೆ. ಮಾರ್ಚ್ ಬಂತೆಂದರೆ ತೊಂದರೆ ಶುರು. ಮೂರು ಗಂಟೆ ಟ್ರಾಲಿಯಲ್ಲಿ ಬಿಟ್ಟರೂ ಬ್ರೆಡ್ ಆರುವುದಿಲ್ಲ. ಸ್ಲೈಸರ್‌ಗೆ ಹಾಕಿದರೆ ಬ್ಲೇಡಿಗೆ ಅಂಟುತ್ತದೆ, ಬದಿ ಕುಸಿಯುತ್ತದೆ. ಪ್ಯಾಕ್ ಮಾಡಿದ ಮೇಲೆ ಕವರ್ ಒಳಗೆ ಬೆವರು. ಮೂರನೇ ದಿನಕ್ಕೆ ಬೂಷ್ಟು ಹಿಡಿದು ಅಂಗಡಿಯವರು ವಾಪಸ್ ಕಳಿಸುತ್ತಾರೆ. ಕೆಲವು ಬ್ರೆಡ್‌ನಲ್ಲಿ ಬೂಷ್ಟು ಇಲ್ಲದಿದ್ದರೂ ನಡುಭಾಗ ಅಂಟಂಟಾಗಿ ಕೊಳೆತ ಹಣ್ಣಿನ ವಾಸನೆ ಬರುತ್ತದೆ. ನಾಲ್ಕು ಫ್ಯಾನ್ ಇದ್ದವು, ಎಂಟು ಮಾಡಿದೆ. ಅಂಥ ಫರಕೇನೂ ಕಾಣಲಿಲ್ಲ. ಈಗ ಕೂಲಿಂಗ್ ಟನಲ್ ಮಾರುವವರು ಬಂದು, ಕಂಪ್ಯೂಟರ್ ಸಿಮ್ಯುಲೇಶನ್ ಅಂತ ಬಣ್ಣದ ಚಿತ್ರ ತೋರಿಸಿ, 70 ನಿಮಿಷದಲ್ಲಿ ಬ್ರೆಡ್ ತಯಾರಾಗುತ್ತದೆ ಅನ್ನುತ್ತಿದ್ದಾರೆ. ಆ ಚಿತ್ರದ ಫೋಟೋ ಕಳಿಸಿದ್ದೇನೆ. ಮಗ ರಾಯಚೂರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾನೆ. ಇಂಥದ್ದನ್ನು ನಾನೇ ಮಾಡಿ ನೋಡುತ್ತೇನೆ ಅನ್ನುತ್ತಾನೆ. ಈ ಚಿತ್ರ ನಂಬಬಹುದಾ? ಮಗನ ಕೈಲಿ ಆಗುವ ಕೆಲಸವಾ?

ಉತ್ತರ: ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ನಡುವೆ ಕೆಂಪು, ಅಂಚಿಗೆ ಬರುತ್ತಾ ಹಳದಿ, ಹಸಿರು, ನೀಲಿ. ನೋಡೋಕೆ ಚೆನ್ನಾಗಿದೆ. ಆದರೆ ನನ್ನ ಕಣ್ಣು ಹೋಗಿದ್ದು ಬಲಗಡೆಯ ಮೂಲೆಗೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಳಬರುವ ಗಾಳಿಯ ಉಷ್ಣತೆ 298 ಅಂತ ಇದೆ. ಅದು ಕೆಲ್ವಿನ್ ಲೆಕ್ಕ. 273 ಕಳೆದರೆ ನಮ್ಮ ಲೆಕ್ಕಕ್ಕೆ 25 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಸಿಂಧನೂರಿನಲ್ಲಿ 25 ಡಿಗ್ರಿ ಗಾಳಿ ಎಲ್ಲಿಂದ ತರುತ್ತಾರೆ? ಟನಲ್ ಜೊತೆ ಎ.ಸಿ. ಯಂತ್ರವನ್ನೂ ಕೊಡುತ್ತಾರಾ? ಅದರ ಕರೆಂಟ್ ಬಿಲ್ ಲೆಕ್ಕ ಕೊಟ್ಟಿದ್ದಾರಾ? ಇಲ್ಲ ಅಂದರೆ ಆ 70 ನಿಮಿಷ ನಿಮ್ಮ ಊರಿನ 70 ನಿಮಿಷ ಅಲ್ಲ.

ಚಿತ್ರ ಸುಳ್ಳು ಅಂತ ನಾನು ಹೇಳುತ್ತಿಲ್ಲ. 25 ಡಿಗ್ರಿ ಗಾಳಿ ಕೊಟ್ಟರೆ ಬಹುಶಃ ಹಾಗೇ ಆಗುತ್ತದೆ. ಸಿಮ್ಯುಲೇಶನ್ ಅನ್ನುವುದು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ನಿಮ್ಮ ಪ್ರಶ್ನೆಯನ್ನು ಅದಕ್ಕೆ ಇನ್ನೂ ಯಾರೂ ಕೇಳಿಲ್ಲ.

ಮೊದಲು ಬ್ರೆಡ್ ಒಳಗೆ ಏನಾಗುತ್ತದೆ ನೋಡೋಣ. ಅದು ಗೊತ್ತಾದರೆ ಫ್ಯಾನ್ ಯಾಕೆ ಕೈಕೊಟ್ಟಿತು ಅನ್ನುವುದೂ ಗೊತ್ತಾಗುತ್ತದೆ.

ಓವನ್‌ನಿಂದ ಹೊರಬಂದಾಗ ಬ್ರೆಡ್‌ನ ನಡುಭಾಗ ಸುಮಾರು 95 ಡಿಗ್ರಿ ಇರುತ್ತದೆ. ಹೊರಗಿನ ಕಂದು ಸಿಪ್ಪೆ ಅದಕ್ಕಿಂತ ಬಹಳ ಬಿಸಿ, ಆದರೆ ಒಣಗಿರುತ್ತದೆ. ಒಳಗಿನ ತಿರುಳಿನಲ್ಲಿ ತೂಕದ ಶೇ 44-45ರಷ್ಟು ನೀರು. ಪ್ಯಾಕ್ ಮಾಡಬೇಕಾದರೆ ನಡುಭಾಗ 35ರಿಂದ 38 ಡಿಗ್ರಿಗೆ ಇಳಿಯಬೇಕು. ಇದು ಬರೀ ಕೈ ಸುಡಬಾರದು ಅಂತಲ್ಲ. ಬೇಯುವಾಗ ಹಿಟ್ಟಿನ ಪಿಷ್ಟ ನೀರು ಕುಡಿದು ಮೆತ್ತಗಾಗಿರುತ್ತದೆ. ತಣ್ಣಗಾಗುತ್ತಾ ಬಂದ ಹಾಗೆ ಅದು ಗಟ್ಟಿಯಾಗಿ ತಿರುಳಿಗೆ ಬಿಗಿ ಬರುತ್ತದೆ. ಅಂದರೆ ಓವನ್ ಬಾಗಿಲು ತೆಗೆದಾಗ ಬ್ರೆಡ್ ಮಾಡುವ ಕೆಲಸ ಮುಗಿದಿರುವುದಿಲ್ಲ. ಕೊನೆಯ ಭಾಗ ಟ್ರಾಲಿಯ ಮೇಲೆ ನಡೆಯುತ್ತದೆ. ಬಿಸಿ ಇದ್ದಾಗಲೇ ಸ್ಲೈಸರ್‌ಗೆ ಹಾಕಿದರೆ ಬ್ಲೇಡಿಗೆ ಅಂಟುವುದು, ಬದಿ ಕುಸಿಯುವುದು ಇದೇ ಕಾರಣಕ್ಕೆ.

ನಮ್ಮ ಮಾತಿನಲ್ಲಿ 'ಆರುವುದು' ಅಂದರೆ ತಣ್ಣಗಾಗುವುದೂ ಹೌದು, ಒಣಗುವುದೂ ಹೌದು. ಹಾಲು ಆರಿತು ಅನ್ನುತ್ತೇವೆ, ಬಟ್ಟೆ ಆರಿತು ಅಂತಲೂ ಅನ್ನುತ್ತೇವೆ. ಬ್ರೆಡ್‌ಗೆ ಮೊದಲನೆಯದು ಬೇಕು, ಎರಡನೆಯದು ಬೇಡ. ಆದರೆ ಎರಡನ್ನೂ ಪೂರ್ತಿ ಬಿಡಿಸಲು ಬರುವುದಿಲ್ಲ. ಬ್ರೆಡ್ ತಣ್ಣಗಾಗುವಾಗ ಸ್ವಲ್ಪ ನೀರು ಆವಿಯಾಗಿ ಹೋಗಿಯೇ ಹೋಗುತ್ತದೆ, ಹೋಗುವಾಗ ತನ್ನ ಜೊತೆ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ.

ಎಷ್ಟು ಅಂತ ಲೆಕ್ಕ ಹಾಕೋಣ. 400 ಗ್ರಾಂ ಬ್ರೆಡ್ 95ರಿಂದ 35ಕ್ಕೆ ಇಳಿಯಲು ಸುಮಾರು 67 ಕಿಲೋಜೂಲ್ ಬಿಸಿ ಬಿಡಬೇಕು. ಸಾಮಾನ್ಯವಾಗಿ ತೂಕದಲ್ಲಿ ಶೇ 2ರಿಂದ 3 ಕಡಿಮೆಯಾಗುತ್ತದೆ. 10 ಗ್ರಾಂ ನೀರು ಅಂತ ಇಟ್ಟುಕೊಳ್ಳಿ. ಆ 10 ಗ್ರಾಂ ಆವಿಯಾಗುವಾಗ 24 ಕಿಲೋಜೂಲ್ ಒಯ್ಯುತ್ತದೆ. ಅಂದರೆ ಒಟ್ಟು ಬಿಸಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! ಉಳಿದದ್ದನ್ನು ಗಾಳಿ ಒಯ್ಯಬೇಕು, ಸ್ವಲ್ಪ ಸುತ್ತಲಿನ ಗೋಡೆ, ಚಾವಣಿಗೆ ಹಾಗೇ ಹೋಗುತ್ತದೆ.

ಇದನ್ನೇ ನಿಮ್ಮ ಗಂಟೆಗೆ 500 ಬ್ರೆಡ್‌ಗೆ ಹಾಕಿ ನೋಡಿ. ಸುಮಾರು 9 ಕಿಲೋವ್ಯಾಟ್ ಬಿಸಿ. ಸ್ನಾನದ ನೀರು ಕಾಯಿಸಲು ಬಕೆಟ್‌ಗೆ ಹಾಕುತ್ತೇವಲ್ಲ ರಾಡ್, ಒಂದೂವರೆ ಕಿಲೋವ್ಯಾಟಿನದು, ಅಂಥ ಆರು ರಾಡ್‌ಗಳನ್ನು ಆ ಕೋಣೆಯಲ್ಲಿ ಹಚ್ಚಿಟ್ಟ ಹಾಗೆ. ಜೊತೆಗೆ ಗಂಟೆಗೆ 5 ಲೀಟರ್ ನೀರು ಆವಿಯಾಗಿ ಅದೇ ಕೋಣೆಗೆ ಸೇರುತ್ತದೆ. ಟ್ರಾಲಿಯ ಕಬ್ಬಿಣದ ಬಿಸಿ, ಪಕ್ಕದ ಓವನ್‌ನ ಬಿಸಿ ಇದರಲ್ಲಿ ಸೇರಿಲ್ಲ. ಕಿಟಕಿ ಮುಚ್ಚಿ ಎಂಟು ಫ್ಯಾನ್ ತಿರುಗಿಸಿದರೆ ಆ ಬಿಸಿ, ಆ ಆವಿ ಅಲ್ಲೇ ಸುತ್ತು ಹೊಡೆಯುತ್ತವೆ. ಹೊರಗೆ ಹೋಗಲು ದಾರಿಯೇ ಇಲ್ಲ.

ಕಿಟಕಿ ತೆರೆದರೂ ಫ್ಯಾನ್‌ಗೆ ಇನ್ನೊಂದು ಮಿತಿ ಇದೆ. ಬ್ರೆಡ್‌ನ ತಿರುಳು ಅಂದರೆ ಗಾಳಿ ತುಂಬಿದ ಸ್ಪಂಜು. ಅದು ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ನಡುಭಾಗದ ಬಿಸಿ ಎರಡು ಕಡೆ ತಡೆ ದಾಟಬೇಕು. ಒಂದು, ತಿರುಳನ್ನು ಹಾದು ಸಿಪ್ಪೆಗೆ ಬರುವುದು. ಇನ್ನೊಂದು, ಸಿಪ್ಪೆಯಿಂದ ಗಾಳಿಗೆ ದಾಟುವುದು. ಫ್ಯಾನ್‌ನ ಕೈ ಎಟಕುವುದು ಎರಡನೆಯದಕ್ಕೆ ಮಾತ್ರ. ನಿಂತ ಗಾಳಿಯಲ್ಲಿ ಎರಡೂ ತಡೆಗಳು ಹೆಚ್ಚುಕಮ್ಮಿ ಸಮ ಇರುತ್ತವೆ. ಹಾಗಾಗಿ ಮೊದಲ ಫ್ಯಾನ್ ಒಳ್ಳೆಯ ಕೆಲಸ ಮಾಡುತ್ತದೆ. ನನ್ನ ಒರಟು ಲೆಕ್ಕದಲ್ಲಿ, ನಿಂತ ಗಾಳಿಯಲ್ಲಿ 2 ಗಂಟೆ ಹಿಡಿಯುವ ಬ್ರೆಡ್‌ಗೆ ಸಾಧಾರಣ ಗಾಳಿ ಬೀಸಿದರೆ 85 ನಿಮಿಷ ಸಾಕು. ಆ ಗಾಳಿಯ ವೇಗವನ್ನು ದುಪ್ಪಟ್ಟು ಮಾಡಿದರೆ? 75 ನಿಮಿಷ. ಅಷ್ಟೇ. ಹತ್ತು ನಿಮಿಷಕ್ಕೋಸ್ಕರ ದುಪ್ಪಟ್ಟು ಗಾಳಿ, ಅದರ ಕರೆಂಟು, ಮೇಲಿಂದ ಸಿಪ್ಪೆ ಒಣಗಿ ಬಿರುಕು ಬಿಡುವುದು. ನೀವು ನಾಲ್ಕನ್ನು ಎಂಟು ಮಾಡಿದಾಗ ಆದದ್ದು ಇದೇ.

ಈಗ ಗಾಳಿಯ ವೇಗ ಬಿಟ್ಟು ಗಾಳಿಯ ಬಿಸಿಯನ್ನು ನೋಡಿ. ನ್ಯೂಟನ್ 1701ರಲ್ಲಿ ಬರೆದ ನಿಯಮ ಸರಳವಾದದ್ದು. ವಸ್ತುವಿಗೂ ಸುತ್ತಲಿನ ಗಾಳಿಗೂ ಎಷ್ಟು ವ್ಯತ್ಯಾಸ ಇದೆಯೋ ಅದಕ್ಕೆ ತಕ್ಕ ಹಾಗೆ ಅದು ತಣ್ಣಗಾಗುತ್ತದೆ. ಆವಿಯ ಪಾಲನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಇದೊಂದೇ ನಿಯಮದಿಂದ ಲೆಕ್ಕ ಹಾಕಿದೆ. 28 ಡಿಗ್ರಿ ಗಾಳಿಯಲ್ಲಿ ಬ್ರೆಡ್ 38ಕ್ಕೆ ಇಳಿಯಲು 90 ನಿಮಿಷ ಬೇಕು ಅಂತ ಇಟ್ಟುಕೊಂಡರೆ, 32 ಡಿಗ್ರಿ ಗಾಳಿಯಲ್ಲಿ 1 ಗಂಟೆ 50 ನಿಮಿಷ ಬೇಕು. 36 ಡಿಗ್ರಿ ಗಾಳಿಯಲ್ಲಿ 2 ಗಂಟೆ 40 ನಿಮಿಷ. 42 ಡಿಗ್ರಿ ಗಾಳಿಯಲ್ಲಿ? ಇಳಿಯುವುದೇ ಇಲ್ಲ. ಗಾಳಿಯೇ 42 ಇರುವಾಗ ಅದು ಬ್ರೆಡ್ಡನ್ನು 38ಕ್ಕೆ ಹೇಗೆ ತರಬೇಕು, ಹೇಳಿ? ಆವಿಯಿಂದ ಒಂದಿಷ್ಟು ಇಳಿಯಬಹುದು, ಆದರೆ ಅಷ್ಟು ಹೊತ್ತಿಗೆ ಬ್ರೆಡ್ ಟೋಸ್ಟಿನ ದಾರಿ ಹಿಡಿದಿರುತ್ತದೆ.

ನಿಮ್ಮ ರೋಗ ಫ್ಯಾನ್‌ನದಲ್ಲ, ಒಳಬರುವ ಗಾಳಿಯದು. ಅದಕ್ಕೇ ಫೋಟೋದ ಮೂಲೆಯ ಆ 298 ನನಗೆ ಅಷ್ಟು ಮುಖ್ಯವಾಗಿ ಕಂಡಿದ್ದು.

ಹಾಗಾದರೆ ಸಿಮ್ಯುಲೇಶನ್ ಯಾತಕ್ಕೆ ಬೇಕು, ಕಾಗದದ ಮೇಲಿನ ಲೆಕ್ಕವೇ ಸಾಕಲ್ವಾ ಅಂತ ಕೇಳಬಹುದು. ಒಂದೇ ಬ್ರೆಡ್ ಇದ್ದರೆ ಸಾಕು. ಟ್ರಾಲಿಯಲ್ಲಿ ನೂರಾರು ಬ್ರೆಡ್ ಇರುವಾಗ ಸಾಲದು. ಬಳ್ಳಾರಿ ಹತ್ತಿರದ ಒಂದು ಬೇಕರಿಯಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಟ್ರಾಲಿಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಮುಂದೆ ದೊಡ್ಡ ಫ್ಯಾನ್. ಮುಂದೆ ನಿಂತರೆ ಗಾಳಿ ಜೋರಾಗಿ ಬಡಿಯುತ್ತಿತ್ತು, ಆದ್ದರಿಂದ ಎಲ್ಲ ಬ್ರೆಡ್‌ಗೂ ಗಾಳಿ ಸಿಗುತ್ತಿದೆ ಅಂತ ಅವರ ನಂಬಿಕೆ. ಅಲ್ಲಿನ ಹುಡುಗನೊಬ್ಬ ದೇವರ ಫೋಟೋ ಹತ್ತಿರದಿಂದ ಒಂದು ಊದುಬತ್ತಿ ಹಚ್ಚಿ ತಂದುಕೊಟ್ಟ. ಅದನ್ನು ಟ್ರಾಲಿಯ ನಡುವಿನ ತಟ್ಟೆಯ ಹತ್ತಿರ ಹಿಡಿದೆ. ಹೊಗೆ ಹಿಂದಕ್ಕೆ ಹೋಗಲೇ ಇಲ್ಲ. ಸುಮ್ಮನೆ ನೆಟ್ಟಗೆ ಮೇಲಕ್ಕೆ ಎದ್ದು, ಮೇಲಿನ ತಟ್ಟೆಗೆ ತಾಗಿ, ಅಲ್ಲೇ ಸುತ್ತಿಕೊಂಡು ನಿಂತಿತು. ಗಾಳಿ ಟ್ರಾಲಿಯ ತಲೆಯ ಮೇಲಿಂದ, ಎರಡು ಪಕ್ಕದಿಂದ ಹಾದು ಹೋಗುತ್ತಿತ್ತು. ಒಳಗೆ ಹೋದರೆ ಹಿಂದೆ ಗೋಡೆ, ಹೊರಗೆ ದಾರಿ ಇಲ್ಲ. ಹಾಗಿದ್ದಾಗ ಯಾವ ಗಾಳಿ ಒಳಗೆ ಹೋದೀತು? ಅಂಚಿನ ಬ್ರೆಡ್‌ಗೆ ಥರ್ಮಾಮೀಟರ್ ಚುಚ್ಚಿದರೆ 38. ಅದೇ ಟ್ರಾಲಿಯ ನಡುವಿನದಕ್ಕೆ ಚುಚ್ಚಿದರೆ 52. ಎರಡೂ ಒಂದೇ ಹೊತ್ತಿಗೆ ಓವನ್‌ನಿಂದ ಬಂದವು, ಒಂದೇ ಹೊತ್ತಿಗೆ ಸ್ಲೈಸರ್‌ಗೆ ಹೋಗುವಂಥವು. ನಡುವಿನ ಬ್ರೆಡ್‌ಗೆ ಇನ್ನೂ ಒಂದು ಕಷ್ಟ. ಅದರ ಸುತ್ತ ಇರುವುದೆಲ್ಲ ಬಿಸಿ ಬ್ರೆಡ್ಡೇ. ಗೋಡೆ, ಚಾವಣಿಗೆ ಹೋಗಬೇಕಾದ ಬಿಸಿಯನ್ನು ಅವು ಒಂದಕ್ಕೊಂದು ಹಂಚಿಕೊಳ್ಳುತ್ತಾ ಕೂರುತ್ತವೆ.

ನಮ್ಮ ಮನೆಗಳಲ್ಲಿ ಇದು ಗೊತ್ತಿಲ್ಲದ ಸಂಗತಿ ಅಲ್ಲ. ಬಿಸಿ ಜೋಳದ ರೊಟ್ಟಿಯನ್ನು ಹೆಂಚಿನಿಂದ ತೆಗೆದ ಕೂಡಲೇ ಒಂದರ ಮೇಲೊಂದು ಪೇರಿಸಿದರೆ ನಡುವಿನವು ಬೆವತು ಮೆತ್ತಗಾಗುತ್ತವೆ. ಖಡಕ್ ರೊಟ್ಟಿ ಮಾಡುವವರು ಒಂದೊಂದನ್ನೂ ನಿಲ್ಲಿಸಿ, ಗಾಳಿಯಾಡಿಸಿ, ಆಮೇಲೆ ಪೇರಿಸುತ್ತಾರೆ. ಟ್ರಾಲಿಯ ಕಥೆಯೂ ಅಷ್ಟೇ.

ಸಿಎಫ್‌ಡಿ ಅನ್ನುವ ಸಿಮ್ಯುಲೇಶನ್ ಮಾಡುವುದು ಆ ಊದುಬತ್ತಿಯ ಕೆಲಸವನ್ನೇ. ಕೋಣೆಯ ಗಾಳಿಯನ್ನು, ಬ್ರೆಡ್ಡನ್ನು, ತಟ್ಟೆಯನ್ನು ಲಕ್ಷಗಟ್ಟಲೆ ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತಾರೆ. ಒಂದೊಂದು ಚೌಕಕ್ಕೂ ಮೂರು ಲೆಕ್ಕ ಇಡುತ್ತಾರೆ: ಎಷ್ಟು ಗಾಳಿ ಬಂತು ಎಷ್ಟು ಹೋಯಿತು, ಎಷ್ಟು ಬಿಸಿ ಬಂತು ಎಷ್ಟು ಹೋಯಿತು, ಎಷ್ಟು ನೀರಿನ ಆವಿ ಬಂತು ಎಷ್ಟು ಹೋಯಿತು. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ, ಆದರೆ ಲಕ್ಷಾಂತರ ಖಾತೆಗಳು. ಪಕ್ಕದ ಚೌಕಕ್ಕೆ ಹೋದದ್ದು ಅಲ್ಲಿ ಜಮೆಯಾಗಬೇಕು. ಗಾಳಿಯ ಓಟಕ್ಕೆ ನೇವಿಯರ್ ಮತ್ತು ಸ್ಟೋಕ್ಸ್ ಎಂಬ ಇಬ್ಬರು 19ನೇ ಶತಮಾನದಲ್ಲಿ ಕೊಟ್ಟ ಸಮೀಕರಣಗಳು. ಘನ ವಸ್ತುವಿನೊಳಗೆ ಬಿಸಿ ಹೇಗೆ ಹರಿಯುತ್ತದೆ ಅನ್ನುವುದಕ್ಕೆ ಫ್ರಾನ್ಸಿನ ಫೂರಿಯೆ 1822ರಲ್ಲಿ ಪ್ರಕಟಿಸಿದ ಸಮೀಕರಣ. ಸಮೀಕರಣಗಳು ಹಳೆಯವು, ಇಷ್ಟು ಬೇಗ ಲೆಕ್ಕ ಹಾಕುವ ಯಂತ್ರ ಮಾತ್ರ ಹೊಸದು.

ಊದುಬತ್ತಿಗಿಂತ ಇದರ ಉಪಯೋಗ ಎಲ್ಲಿ ಜಾಸ್ತಿ ಅಂದರೆ, ಇನ್ನೂ ಕಟ್ಟದ್ದನ್ನು ಪರೀಕ್ಷೆ ಮಾಡಬಹುದು. ಟ್ರಾಲಿಯನ್ನು ಗೋಡೆಯಿಂದ ಎರಡು ಅಡಿ ಮುಂದೆ ತಂದರೆ ಏನಾಗುತ್ತದೆ? ತಟ್ಟೆಗಳ ನಡುವಿನ ಅಂತರ ಎರಡು ಇಂಚು ಹೆಚ್ಚಿಸಿದರೆ? ಎಕ್ಸಾಸ್ಟ್ ಫ್ಯಾನ್ ಮೇಲೆ ಇಟ್ಟರೆ ಒಳ್ಳೆಯದಾ, ಕೆಳಗಾ? ಇದನ್ನೆಲ್ಲ ಗೋಡೆ ಒಡೆಯದೆ, ಒಂದು ಬ್ಯಾಚ್ ಬ್ರೆಡ್ ಕೂಡ ಹಾಳು ಮಾಡದೆ ನೋಡಬಹುದು. ದೊಡ್ಡ ಬೇಕರಿಗಳಲ್ಲಿ ಬ್ರೆಡ್ ಸುರುಳಿ ಬೆಲ್ಟ್ ಮೇಲೆ ನಿಧಾನ ಸಾಗುತ್ತಾ ಆರುತ್ತದೆ. ಅಂಥ ಕೂಲರ್ ಕಟ್ಟುವ ಮೊದಲು ಈ ಕೆಲಸ ಮಾಡಿದರೆ ದುಡ್ಡು ಉಳಿಯುತ್ತದೆ. ಒಮ್ಮೆ ಕಟ್ಟಿದ ಮೇಲೆ ಬದಲಾಯಿಸುವುದು ಸುಲಭ ಅಲ್ಲ.

ಆದರೆ ಇದು ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನುವುದನ್ನೂ ಹೇಳಬೇಕು. ನನಗೇ ಆದ ಅನುಭವ ಇದೆ. ಶುರುವಿನ ದಿನಗಳಲ್ಲಿ ಒಂದು ಬೇಕರಿಗೆ ಸಿಮ್ಯುಲೇಶನ್ ಮಾಡಿಕೊಟ್ಟೆ. ಗಾಳಿಯ ಲೆಕ್ಕ ಬಹಳ ಜೋಪಾನವಾಗಿ ಮಾಡಿದ್ದೆ, ಒಂದು ವಾರ ಕೂತು ಚೌಕಗಳನ್ನು ತಿದ್ದಿದ್ದೆ. ಬ್ರೆಡ್ ತಣ್ಣಗಾಗಲು 2 ಗಂಟೆ 40 ನಿಮಿಷ ಬೇಕು ಅಂತ ಕಂಪ್ಯೂಟರ್ ಹೇಳಿತು. ಬೇಕರಿಗೆ ಹೋಗಿ ಬ್ರೆಡ್‌ಗೆ ಥರ್ಮೋಕಪಲ್ ತಂತಿ ಚುಚ್ಚಿ ಅಳೆದರೆ 1 ಗಂಟೆ 50 ನಿಮಿಷಕ್ಕೇ ತಣ್ಣಗಾಗಿತ್ತು. ಐವತ್ತು ನಿಮಿಷದ ವ್ಯತ್ಯಾಸ! ಗಾಳಿಯಲ್ಲಿ ತಪ್ಪಿರಲಿಲ್ಲ. ನಾನು ಬ್ರೆಡ್ಡನ್ನು ಇಟ್ಟಿಗೆಯ ಹಾಗೆ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಅದರಿಂದ ನೀರು ಆವಿಯಾಗುತ್ತದೆ ಅನ್ನುವುದನ್ನೇ ಸೇರಿಸಿರಲಿಲ್ಲ. ಮೇಲೆ ಹೇಳಿದೆನಲ್ಲ, ಮೂರನೇ ಒಂದು ಭಾಗದ ಬಿಸಿ ಆವಿಯ ಜೊತೆ ಹೋಗುತ್ತದೆ ಅಂತ. ಅಷ್ಟೇ ತಪ್ಪಾಗಿತ್ತು. ನೋವಾಯಿತು, ಆದರೆ ಅವತ್ತಿನಿಂದ ಅಳತೆ ಇಲ್ಲದ ಯಾವ ಚಿತ್ರವನ್ನೂ ನಾನು ಯಾರಿಗೂ ಕೊಟ್ಟಿಲ್ಲ, ಯಾರಿಂದಲೂ ಒಪ್ಪಿಕೊಂಡಿಲ್ಲ.

ಆವಿಯನ್ನು ಸೇರಿಸಿದರೂ ಕಷ್ಟ ಮುಗಿಯುವುದಿಲ್ಲ. ತಿರುಳಿನ ರಂಧ್ರಗಳಲ್ಲಿ ಬಿಸಿ ಕಡೆ ನೀರು ಆವಿಯಾಗಿ, ತಣ್ಣನೆಯ ಕಡೆ ಬಂದು ಮತ್ತೆ ನೀರಾಗುತ್ತದೆ. ಹಾಗೆ ಬರುವಾಗ ಬಿಸಿಯನ್ನೂ ಸಾಗಿಸುತ್ತದೆ. ಅದಕ್ಕೇ ಬಿಸಿ ಬ್ರೆಡ್ ಮತ್ತು ತಣ್ಣನೆ ಬ್ರೆಡ್ ಬಿಸಿ ಸಾಗಿಸುವ ರೀತಿ ಒಂದೇ ಅಲ್ಲ. ಒಣಗಿದ ಸಿಪ್ಪೆಯದು ಮತ್ತೊಂದು ರೀತಿ. ಆ ಸಿಪ್ಪೆಯೂ ಹೊತ್ತು ಹೋದ ಹಾಗೆ ಒಳಗಿನ ನೀರು ಕುಡಿದು ಮೆತ್ತಗಾಗುತ್ತದೆ. ಇದಕ್ಕೆಲ್ಲ ಒಂದೊಂದು ಸಂಖ್ಯೆ ಕೊಡಬೇಕು. ಒಂದು ಸಂಖ್ಯೆ ತಪ್ಪಾದರೂ ಚಿತ್ರ ಅಷ್ಟೇ ಚೆನ್ನಾಗಿ ಕಾಣುತ್ತದೆ. ಬಣ್ಣ ನೋಡಿ ತಪ್ಪು ಗೊತ್ತಾಗುವುದಿಲ್ಲ.

ಇನ್ನು ನಿಮ್ಮ ಮಗನ ವಿಷಯ. ಖಂಡಿತ ಮಾಡಲಿ. ಆದರೆ ನೇರ ಸಿಎಫ್‌ಡಿಗೆ ಹಾರುವುದು ಬೇಡ. ಮೊದಲು ಎಕ್ಸೆಲ್‌ನಲ್ಲಿ ಒಂದೇ ಬ್ರೆಡ್ ಮಾಡಲಿ. ಬ್ರೆಡ್‌ನ ನಡುವಿನಿಂದ ಸಿಪ್ಪೆಯವರೆಗೆ ಸುಮಾರು 5 ಸೆಂಟಿಮೀಟರ್. ಅದನ್ನು 5 ಮಿಲಿಮೀಟರಿನ ಹತ್ತು ಪದರ ಮಾಡಲಿ. ಒಂದು ಪದರಕ್ಕೆ ಒಂದು ಕಾಲಂ, 20 ಸೆಕೆಂಡಿಗೆ ಒಂದು ಸಾಲು. ಪ್ರತಿ ಪದರದ ಹೊಸ ಉಷ್ಣತೆ ಅಂದರೆ ಹಳೆಯದು, ಅದಕ್ಕೆ ಎರಡು ಪಕ್ಕದಿಂದ ಬಂದು ಹೋದ ಬಿಸಿಯನ್ನು ಸೇರಿಸಿದ್ದು. ಕೊನೆಯ ಪದರಕ್ಕೆ ಗಾಳಿಯ ಲೆಕ್ಕ ಮತ್ತು ಆವಿಯ ಲೆಕ್ಕ. 270 ಸಾಲು ಎಳೆದರೆ 90 ನಿಮಿಷ ಆಯಿತು. ತಿರುಳಿನ ಸಾಂದ್ರತೆ ಘನ ಮೀಟರಿಗೆ 280 ಕಿಲೋ, ಬಿಸಿ ಸಾಗಿಸುವ ಗುಣ 0.2 ಅಂತ ಹಿಡಿದು ಶುರು ಮಾಡಲಿ. ಸಾಲಿಗೆ 50 ಸೆಕೆಂಡಿಗಿಂತ ಜಾಸ್ತಿ ಹೆಜ್ಜೆ ಇಟ್ಟರೆ ಉಷ್ಣತೆ ಒಂದು ಸಾಲಲ್ಲಿ ಮೇಲೆ, ಇನ್ನೊಂದು ಸಾಲಲ್ಲಿ ಕೆಳಗೆ ಅಂತ ಕುಣಿಯಲು ಶುರುವಾಗುತ್ತದೆ. ಅದು ಬ್ರೆಡ್‌ನ ಗುಣ ಅಲ್ಲ, ಲೆಕ್ಕದ ದೋಷ. ಒಮ್ಮೆ ಬೇಕಂತಲೇ ಹಾಗೆ ಮಾಡಿ ನೋಡಲಿ, ಮರೆಯುವುದಿಲ್ಲ.

ಇದು ಬಂದ ಮೇಲೆ ಓಪನ್‌ಫೋಮ್ ಎಂಬ ಸಾಫ್ಟ್‌ವೇರ್ ಇದೆ. ಉಚಿತ. 2004ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಅದರಲ್ಲಿ ಒಂದು ಟ್ರಾಲಿ, ಒಂದು ಕೋಣೆ ಮಾಡಲಿ. ಚೌಕಗಳನ್ನು ಒಮ್ಮೆ ದಪ್ಪಕ್ಕೆ, ಒಮ್ಮೆ ಸಣ್ಣಕ್ಕೆ ಮಾಡಿ ಎರಡು ಸಲ ಓಡಿಸಲಿ. ಉತ್ತರ ಬದಲಾದರೆ ಇನ್ನೂ ಸಣ್ಣಕ್ಕೆ ಮಾಡಬೇಕು ಅಂತ ಅರ್ಥ. ಸಿಪ್ಪೆಯ ಹತ್ತಿರದ ಚೌಕಗಳು ಬಹಳ ಸಣ್ಣ ಇರಬೇಕು, ಯಾಕೆಂದರೆ ಗಾಳಿಯ ಆಟ ಎಲ್ಲ ಅಲ್ಲೇ. ಸಿಕ್ಕಿಬಿದ್ದರೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಹಾರ ಸಂಸ್ಕರಣೆಯ ವಿಭಾಗ ಇದೆ, ಹೋಗಿ ಕೇಳಲಿ. ಬೇಕಿಂಗ್ ವಿಷಯಕ್ಕೆ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಅದಕ್ಕೆಂದೇ ಒಂದು ವಿಭಾಗ ಇದೆ.

ಇದೆಲ್ಲಕ್ಕೂ ಮೊದಲು ನೀವು ಮಾಡಬೇಕಾದ ಕೆಲಸ ಒಂದಿದೆ. ಉದ್ದ ಮೂತಿಯ ಪ್ರೋಬ್ ಥರ್ಮಾಮೀಟರ್ ತಂದು, ಐಸ್ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುತ್ತದಾ ನೋಡಿಕೊಳ್ಳಿ. ಮಧ್ಯಾಹ್ನ 3ರ ಬ್ಯಾಚಿನಲ್ಲಿ ಒಂದೇ ಟ್ರಾಲಿಯ ನಾಲ್ಕು ಬ್ರೆಡ್ ಆಯ್ದುಕೊಳ್ಳಿ: ಮೇಲಿನ ತಟ್ಟೆಯ ಅಂಚಿನದು, ಕೆಳಗಿನ ತಟ್ಟೆಯದು, ನಡುವಿನ ತಟ್ಟೆಯ ಎದುರಿನದು, ಅದೇ ತಟ್ಟೆಯ ಹಿಂದಿನದು. ಹದಿನೈದು ನಿಮಿಷಕ್ಕೊಮ್ಮೆ ನಡುಭಾಗದ ಉಷ್ಣತೆ ಬರೆಯಿರಿ. ಜೊತೆಗೆ ಅದೇ ಹೊತ್ತಿನ ಕೋಣೆಯ ಗಾಳಿಯ ಉಷ್ಣತೆ. ಅದನ್ನು ಓವನ್ ಪಕ್ಕ ಅಳೆಯಬೇಡಿ, ಫ್ಯಾನ್ ಎಲ್ಲಿಂದ ಗಾಳಿ ಎಳೆಯುತ್ತದೋ ಅಲ್ಲಿ ಅಳೆಯಿರಿ. ನಾಲ್ಕು ಬ್ರೆಡ್‌ನ ತೂಕ ಮೊದಲು ಮತ್ತು ಕೊನೆಗೆ. ಇಷ್ಟು ಇದ್ದರೆ ನಿಮ್ಮ ಮಗನ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುತ್ತದೆ. ಟನಲ್‌ನವರದ್ದೂ ಗೊತ್ತಾಗುತ್ತದೆ.

ಇನ್ನು ಗಾಳಿ ತಂಪು ಮಾಡುವ ಬಗ್ಗೆ. ನಮ್ಮ ಸೀಮೆಗೆ ಒಂದು ಅನುಕೂಲ ಇದೆ. ಬೇಸಿಗೆಯ ಗಾಳಿ ಸುಡುತ್ತದೆ, ಆದರೆ ಒಣಗಿರುತ್ತದೆ. 42 ಡಿಗ್ರಿ, ತೇವಾಂಶ ಶೇ 20 ಇರುವ ಗಾಳಿಯನ್ನು ಒದ್ದೆ ಪ್ಯಾಡ್ ಮೂಲಕ ಹಾಯಿಸಿದರೆ 24 ಡಿಗ್ರಿವರೆಗೆ ಇಳಿಯುವ ಶಕ್ತಿ ಅದಕ್ಕಿದೆ. ಒಳ್ಳೆಯ ಪ್ಯಾಡ್ ಅದರ ಮುಕ್ಕಾಲು ದಾರಿ ತಲುಪಿಸುತ್ತದೆ. ಅಂದರೆ 28-29 ಡಿಗ್ರಿ. ಮನೆಮನೆಯಲ್ಲಿ ಇರುವ ಕೂಲರ್‌ನ ತತ್ವವೇ ಇದು, ದೊಡ್ಡ ಅಳತೆಯಲ್ಲಿ. ಎ.ಸಿ.ಗೆ ಹೋಲಿಸಿದರೆ ಕರೆಂಟ್ ಬಹಳ ಕಡಿಮೆ. ನಿಮ್ಮ 500 ಬ್ರೆಡ್‌ಗೆ, ಹೋಗುವ ಗಾಳಿ ಬರುವ ಗಾಳಿಗಿಂತ 5 ಡಿಗ್ರಿ ಬಿಸಿಯಾಗಬಹುದು ಅಂತ ಬಿಟ್ಟರೆ, ಸೆಕೆಂಡಿಗೆ ಒಂದು ಘನ ಮೀಟರಿಗಿಂತ ಸ್ವಲ್ಪ ಜಾಸ್ತಿ ಗಾಳಿ ಸಾಕು. ಕೋಣೆಯೇ ಬಿಸಿ ಇರುವುದರಿಂದ ಅದರ ಎರಡರಷ್ಟಕ್ಕೆ ತಯಾರಿ ಮಾಡಿಕೊಳ್ಳಿ. ಮನೆಯಲ್ಲಿ ಕೂಲರ್ ಹಚ್ಚಿ ಕಿಟಕಿ ಮುಚ್ಚಿದರೆ ಮೈ ಜಿಗಟಾಗುತ್ತದೆ ಅಲ್ವಾ? ಇಲ್ಲೂ ಹಾಗೆಯೇ. ಒಂದು ಕಡೆ ಒಳಗೆ ಬಂದ ಗಾಳಿ ಟ್ರಾಲಿಗಳ ನಡುವೆ ಹಾದು, ಎದುರು ಕಡೆ ಎಕ್ಸಾಸ್ಟ್‌ನಿಂದ ಹೊರಗೆ ಹೋಗಲೇಬೇಕು.

ಗಾಳಿಯಲ್ಲಿ ತೇವ ಹೆಚ್ಚಾದರೆ ಬೂಷ್ಟು ಜಾಸ್ತಿ ಆಗುವುದಿಲ್ಲವೇ ಅಂತ ನಿಮಗೆ ಅನುಮಾನ ಬರಬಹುದು. ಕೂಲಿಂಗ್ ಕೋಣೆಯ ತೇವಕ್ಕೆ ಅಷ್ಟು ಹೆದರಬೇಕಿಲ್ಲ. ದೊಡ್ಡ ಬೇಕರಿಗಳು ಬ್ರೆಡ್ ಒಣಗದಿರಲೆಂದು ಬೇಕಂತಲೇ ತೇವದ ಗಾಳಿ ಕೊಡುತ್ತವೆ. ಬೂಷ್ಟಿನ ಬೀಜ ಓವನ್‌ನಲ್ಲಿ ಸತ್ತಿರುತ್ತದೆ. ಬ್ರೆಡ್‌ಗೆ ಅದು ಮತ್ತೆ ಬಂದು ಕೂರುವುದು ತಣ್ಣಗಾಗುವಾಗ ಮತ್ತು ಸ್ಲೈಸ್ ಮಾಡುವಾಗ. ಹಿಟ್ಟಿನ ಧೂಳು, ಹಳೇ ಬ್ರೆಡ್‌ನ ಪುಡಿ, ಕೊಳೆತ ಕೂಲರ್ ಪ್ಯಾಡ್ ಅದನ್ನು ಹೊತ್ತು ತರುತ್ತವೆ. ಬಿಸಿ ಬ್ರೆಡ್ಡನ್ನು ಕವರಿಗೆ ಹಾಕಿದಾಗ ಬರುವ ಬೆವರು ಅದಕ್ಕೆ ನೀರೆರೆಯುತ್ತದೆ. ಆದ್ದರಿಂದ ಗಾಳಿ ಎಳೆಯುವ ಜಾಗ ಹಿಟ್ಟಿನ ಗೋದಾಮಿನಿಂದ ದೂರ ಇರಲಿ, ಗಾಳಿಗೆ ಫಿಲ್ಟರ್ ಇರಲಿ, ಟ್ಯಾಂಕಿನ ನೀರನ್ನು ವಾರ ವಾರ ಪೂರ್ತಿ ಚೆಲ್ಲಿ ಪ್ಯಾಡ್ ತೊಳೆಯಿರಿ. ಬೋರ್‌ನ ಗಡಸು ನೀರಾದರೆ ಪ್ಯಾಡ್ ಮೇಲೆ ಉಪ್ಪು ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ, ಅದನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಪ್ಯಾಡ್‌ನ ಬಲ ಕಡಿಮೆ. 32 ಡಿಗ್ರಿ, ಶೇ 65 ತೇವದ ಗಾಳಿ ಹೆಚ್ಚೆಂದರೆ 28ಕ್ಕೆ ಇಳಿಯುತ್ತದೆ. ಆದರೆ ಆಗ ನಮಗೆ ಬೇಕಾಗಿರುವುದೂ ಅಷ್ಟೇ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹಚ್ಚಿದ್ದು ಬೂಷ್ಟಲ್ಲ. ನಡುಭಾಗ ಅಂಟಂಟು, ಕೊಳೆತ ಹಣ್ಣಿನ ವಾಸನೆ ಅಂತ ಬರೆದಿರಲ್ಲ, ಅದು. ಅಂಥ ಬ್ರೆಡ್ ಒಂದನ್ನು ಮುರಿದು ನಿಧಾನ ಎಳೆದು ನೋಡಿ. ನಡುವೆ ಜೇಡರ ಬಲೆಯಂಥ ಸಣ್ಣ ಎಳೆ ಬಂದರೆ ಅದು ರೋಪ್ ಅನ್ನುವ ರೋಗ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಕೆಲಸ. ಇದರ ಬೀಜಕ್ಕೆ ಓವನ್ ಬಿಸಿ ತಾಕುವುದಿಲ್ಲ, ಯಾಕೆಂದರೆ ಬ್ರೆಡ್‌ನ ನಡುಭಾಗ ನೂರು ಡಿಗ್ರಿ ದಾಟುವುದೇ ಇಲ್ಲ. ಬ್ರೆಡ್ ಬೇಗ ತಣ್ಣಗಾದರೆ ಅದು ಸುಮ್ನೆ ಮಲಗಿರುತ್ತದೆ. ಗಂಟೆಗಟ್ಟಲೆ 40 ಡಿಗ್ರಿ ಆಸುಪಾಸಿನಲ್ಲಿ, ತೇವದಲ್ಲಿ ಬಿಟ್ಟರೆ ಎದ್ದು ಬೆಳೆಯುತ್ತದೆ. ಮಗ ಎಕ್ಸೆಲ್ ಮಾಡಿದಾಗ ಬ್ರೆಡ್ 45ರಿಂದ 35ಕ್ಕೆ ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನುವುದನ್ನು ಬೇರೆಯಾಗಿ ಬರೆದಿಡಲು ಹೇಳಿ. ಸದ್ಯಕ್ಕೆ ಉಳಿದ ಬ್ರೆಡ್ಡನ್ನು ಹೊಸ ಹಿಟ್ಟಿಗೆ ಕಲಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ವಾಪಸ್ ಬಂದ ಬ್ರೆಡ್ ಬೇಕರಿಯ ಒಳಗೇ ಬರಬಾರದು. ಮಿಕ್ಸರ್, ಟಿನ್, ಸ್ಲೈಸರ್ ಬ್ಲೇಡ್ ಎಲ್ಲ ಚೆನ್ನಾಗಿ ತೊಳೆದು, ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ. ಬ್ರೆಡ್ ಕೆಡದಿರಲೆಂದು ಹಾಕುವ ಕ್ಯಾಲ್ಸಿಯಂ ಪ್ರೊಪಿಯೊನೇಟನ್ನು ನಿಯಮದಲ್ಲಿ ಹೇಳಿದ ಅಳತೆಯೊಳಗೆ ಬಳಸುತ್ತಿದ್ದೀರಾ ನೋಡಿಕೊಳ್ಳಿ.

ಫ್ರಿಜ್ಜಿನಲ್ಲಿ ಇಟ್ಟು ತಣ್ಣಗೆ ಮಾಡೋಣ ಅನ್ನುವವರು ಇರುತ್ತಾರೆ. ಬೇಡ. ಸೊನ್ನೆಯಿಂದ 5 ಡಿಗ್ರಿಯ ಸುತ್ತ ಬ್ರೆಡ್ ಬಹಳ ಬೇಗ ಬಿರುಸಾಗುತ್ತದೆ. ನಿರ್ವಾತದಲ್ಲಿ ತಣ್ಣಗೆ ಮಾಡುವ ಯಂತ್ರಗಳೂ ಇವೆ, ಐದಾರು ನಿಮಿಷದಲ್ಲಿ ಕೆಲಸ ಮುಗಿಸುತ್ತವೆ. ಆದರೆ ಅಲ್ಲಿ ಬಿಸಿ ಪೂರ್ತಿ ಆವಿಯ ಮೂಲಕವೇ ಹೋಗಬೇಕು. 10 ಡಿಗ್ರಿಗೆ ಹತ್ತಿರ ಹತ್ತಿರ ಶೇ 1 ನೀರು. 60 ಡಿಗ್ರಿ ಇಳಿಸಿದರೆ 400 ಗ್ರಾಮಿಗೆ 24 ಗ್ರಾಂ ಹೋಯಿತು. ಕವರ್ ಮೇಲೆ 400 ಅಂತ ಬರೆದು ಮಾರಬೇಕಾದರೆ ಅಷ್ಟು ಹಿಟ್ಟು ಜಾಸ್ತಿ ಹಾಕಬೇಕು. ನಿಮ್ಮ ಪ್ರಮಾಣಕ್ಕೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ಈ ವಾರ ಮಾಡಬಹುದಾದದ್ದು ಇಷ್ಟು. ಓವನ್‌ನಿಂದ ಬಂದ ಕೂಡಲೇ ಟಿನ್‌ನಿಂದ ಬ್ರೆಡ್ ಬಿಡಿಸಿ. ತಟ್ಟೆ ಜಾಲರಿಯದ್ದಾಗಿರಲಿ, ಎರಡು ಬ್ರೆಡ್ ನಡುವೆ ಮೂರು ಬೆರಳು ಜಾಗ ಇರಲಿ. ಟ್ರಾಲಿ ಗೋಡೆಗೆ ಒತ್ತಬೇಡಿ. ಎಂಟರಲ್ಲಿ ನಾಲ್ಕು ಫ್ಯಾನ್ ನಿಲ್ಲಿಸಿ, ಆ ದುಡ್ಡಿಗೆ ಒಂದು ಎಕ್ಸಾಸ್ಟ್ ಹಾಕಿಸಿ. ಸಾಧ್ಯವಿದ್ದರೆ ಬೇಸಿಗೆಯ ಎರಡು ತಿಂಗಳು ಬೇಯಿಸುವುದನ್ನು ನಡುರಾತ್ರಿ ಮೇಲಕ್ಕೆ ತಳ್ಳಿ, ಬ್ರೆಡ್ ತಣ್ಣಗಾಗುವ ಹೊತ್ತು ಬೆಳಗಿನ ಜಾವಕ್ಕೆ ಬೀಳುವ ಹಾಗೆ. ಇಡೀ ದಿನದಲ್ಲಿ ತಂಪು ಗಾಳಿ ಪುಕ್ಕಟೆ ಸಿಗುವುದು ಆ ಹೊತ್ತಿನಲ್ಲಿ ಮಾತ್ರ.

ಟನಲ್‌ನವರಿಗೆ ಇಲ್ಲ ಅನ್ನಬೇಡಿ. ಫೋನ್ ಮಾಡಿ ಮೂರು ಮಾತು ಕೇಳಿ. ಲೆಕ್ಕದಲ್ಲಿ ಆವಿಯನ್ನು ಸೇರಿಸಿದ್ದೀರಾ? ನಿಜವಾದ ಬ್ರೆಡ್‌ನಲ್ಲಿ ಅಳೆದು ತಾಳೆ ನೋಡಿದ್ದೀರಾ, ನೋಡಿದ್ದರೆ ಆ ಅಳತೆ ಕೊಡಿ. ಆಮೇಲೆ, 298 ಇರುವ ಕಡೆ 315 ಹಾಕಿ ಇನ್ನೊಮ್ಮೆ ಓಡಿಸಿ ತನ್ನಿ. 315 ಅಂದರೆ 42 ಡಿಗ್ರಿ. ಆ ಹೊಸ ಚಿತ್ರದ ಜೊತೆ ನಿಮ್ಮ ನಾಲ್ಕು ಬ್ರೆಡ್‌ನ ಅಳತೆಯನ್ನೂ ಕಳಿಸಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಹೇಳುತ್ತೇನೆ.